55 ಲೀಟರ್‌ನ ಬೆನ್ನುಚೀಲ: ಹದಿನಾಲ್ಕು ತಿಂಗಳು ಹೊತ್ತ ಮೇಲೆ ಬರೆದದ್ದು

ಚೀಲದ ಮಾತಿಗೆ ಮುಂಚೆ ಅದನ್ನು ಹೊತ್ತ ಬೆನ್ನಿನ ವಿವರ ಹೇಳಬೇಕು. ನನ್ನ ಎತ್ತರ 174 ಸೆಂಟಿಮೀಟರ್, ತೂಕ 68 ಕಿಲೋ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಉಬ್ಬು ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಬೆನ್ನಿನ ಉದ್ದ 46 ಸೆಂಟಿಮೀಟರ್. ಈ ಚೀಲವನ್ನು ಹದಿನಾಲ್ಕು ತಿಂಗಳಲ್ಲಿ ಸುಮಾರು ನಲವತ್ತು ದಿನ ಹೊತ್ತು ನಡೆದಿದ್ದೇನೆ. ಹೆಚ್ಚಿನವು ಎರಡು ಮೂರು ದಿನಗಳ ಚಾರಣಗಳು, ಒಂದು ಮಾತ್ರ ಎಂಟು ದಿನಗಳದ್ದು. ಹೊರೆ ಸಾಮಾನ್ಯವಾಗಿ 11ರಿಂದ 13 ಕಿಲೋ ಇರುತ್ತಿತ್ತು. ಮುಂದೆ ನಾನು ಹೇಳುವ ಹೊಗಳಿಕೆಯೂ ದೂರೂ ಈ ಅಳತೆಗಳಿಗೆ ಕಟ್ಟುಬಿದ್ದವು ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಇದನ್ನು ಹೇಳದೆ ಕೊಟ್ಟ ಸಲಹೆಯಿಂದ ಒಬ್ಬರಿಗೆ ನಾನೇ ತೊಂದರೆ ಮಾಡಿದ್ದೇನೆ. ಆ ಪ್ರಸಂಗ ಮುಂದೆ ಬರುತ್ತದೆ.

ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ನನ್ನ ಕೈಗೆ ಬಂದದ್ದು ಒಂದೇ ಒಂದು ಚೀಲ, ಅದರಲ್ಲಿ ಕಂಡ ದೋಷವನ್ನು ಇಡೀ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದೂ ಅಲ್ಲದೆ ಇದೇ ರಚನೆಯ ಚೀಲಗಳನ್ನು ಹತ್ತಾರು ಕಂಪನಿಗಳು ತಯಾರಿಸುತ್ತವೆ, ಹಾಗಾಗಿ ರಚನೆಯನ್ನು ಬಿಡಿಸಿ ಹೇಳಿದರೆ ಹೆಸರಿಗಿಂತ ಹೆಚ್ಚು ಉಪಯೋಗವಾದೀತು.

ಖಾಲಿ ಚೀಲದ ತೂಕ 1.9 ಕಿಲೋ. ಒಳಗೆ, ಬೆನ್ನಿಗೆ ತಾಗುವ ಭಾಗದಲ್ಲಿ, ಒಂದು ತೆಳು ಪ್ಲಾಸ್ಟಿಕ್ ಹಾಳೆ ಮತ್ತು ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿದ ಎರಡು ಅಲ್ಯೂಮಿನಿಯಂ ಪಟ್ಟಿಗಳಿವೆ. ಮೈ 210 ಡೆನಿಯರ್‌ನ ನೈಲಾನ್, ನೆಲಕ್ಕೆ ತಾಗುವ ತಳ 420 ಡೆನಿಯರ್‌ನದು. 9000 ಮೀಟರ್ ಉದ್ದದ ಎಳೆ ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್ ಎಂಬುದು ಲೆಕ್ಕ. ಸಂಖ್ಯೆ ಹೆಚ್ಚಾದಷ್ಟೂ ಎಳೆ ದಪ್ಪ, ಬಟ್ಟೆಯೂ ಭಾರ. ಆದರೆ ನೇಯ್ಗೆ ಮತ್ತು ಲೇಪನ ಬೇರೆಯಾದರೆ ಒಂದೇ ಡೆನಿಯರ್‌ನ ಎರಡು ಬಟ್ಟೆಗಳ ಬಾಳಿಕೆಯೂ ಬೇರೆಯಾಗುತ್ತದೆ, ಆದ್ದರಿಂದ ಈ ಸಂಖ್ಯೆಯೊಂದನ್ನೇ ಹಿಡಿದು ಚೀಲ ಕೊಳ್ಳಬಾರದು. ಹೆಗಲಪಟ್ಟಿಗಳು ಕೂಡುವ ನೊಗದಂಥ ಭಾಗವನ್ನು ಬೆನ್ನಿನ ಫಲಕದಲ್ಲಿ ಮೇಲೆ ಕೆಳಗೆ ಸರಿಸಿ ವೆಲ್ಕ್ರೋದಿಂದ ಅಂಟಿಸಬಹುದು. 42ರಿಂದ 52 ಸೆಂಟಿಮೀಟರ್‌ವರೆಗಿನ ಬೆನ್ನುಗಳಿಗೆ ಇದು ಹೊಂದುತ್ತದೆ. ಈ ಚೀಲದ ನಿಜವಾದ ಗುಣ ಇದೇ, ಮತ್ತು ಇದನ್ನೇ ನಾನು ಮೊದಲ ಮೂರು ಚಾರಣಗಳಲ್ಲಿ ಗಮನಿಸಿರಲಿಲ್ಲ.

ಆ ಮೂರು ಚಾರಣಗಳಲ್ಲಿ ಚೀಲ ನನ್ನನ್ನು ಹಣ್ಣು ಮಾಡಿತು. ಎರಡನೆಯ ಗಂಟೆಗೆ ಹೆಗಲ ಮೇಲೆ ಉರಿ ಶುರುವಾಗಿ, ನಾಲ್ಕನೆಯ ಗಂಟೆಗೆ ಕುತ್ತಿಗೆ ತಿರುಗಿಸಲಾಗದಂತೆ ಆಗುತ್ತಿತ್ತು. ಹೆಬ್ಬೆರಳುಗಳನ್ನು ಪಟ್ಟಿಯ ಕೆಳಗೆ ತೂರಿಸಿ, ಎರಡೂ ಕೈಗಳಿಂದ ಚೀಲವನ್ನು ಎತ್ತಿ ಹಿಡಿದುಕೊಂಡೇ ಏರು ಹತ್ತುತ್ತಿದ್ದೆ. ಇದನ್ನು ಹೇಳಿಕೊಂಡಾಗ ಬಂದ ಉತ್ತರಗಳು ಮೂರು ಬಗೆಯವು. ಮೊದಲನೆಯದು, ಹೊಸಬರಿಗೆ ಹೀಗೇ ಆಗುತ್ತದೆ, ಹೊತ್ತು ಹೊತ್ತು ರೂಢಿಯಾಗುತ್ತದೆ ಎಂಬ ಸಮಾಧಾನ. ಎರಡನೆಯದು, ಆ ಚೀಲವನ್ನು ಬಿಸಾಡಿ ತಮ್ಮ ಬಳಿ ಇರುವ ಚೀಲವನ್ನೇ ಕೊಳ್ಳಬೇಕೆಂಬ ಅಪ್ಪಣೆ. ಮೂರನೆಯದು, ಅಷ್ಟು ಸಾಮಾನು ಹೊರುವವರು ಚಾರಣಕ್ಕೇಕೆ ಬರುತ್ತೀರಿ ಎಂಬ ಹಂಗಿಸುವಿಕೆ. ಈ ಮೂವರಲ್ಲಿ ಯಾರೂ ಚೀಲ ನನ್ನ ಮೈಮೇಲೆ ಹೇಗೆ ಕೂತಿದೆ ಎಂದು ಕೇಳಿರಲಿಲ್ಲ.

ಕೇಳಿದವರು ನಾಲ್ಕನೆಯ ಚಾರಣದಲ್ಲಿ ಜೊತೆಯಾದ, ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವರಾದ ಒಬ್ಬ ಮಹಿಳೆ. ದಾರಿಯ ಮೊದಲ ವಿಶ್ರಾಂತಿಯಲ್ಲಿ ನಾನು ಹೆಗಲು ಉಜ್ಜಿಕೊಳ್ಳುವುದನ್ನು ನೋಡಿ, “ಎಲ್ಲಿ ನೋಯುತ್ತಿದೆ, ಹೆಗಲ ಮೇಲ್ಗಡೆಯೋ, ಮುಂದಿನ ಭಾಗವೋ?” ಎಂದು ಕೇಳಿದರು. ಮೇಲ್ಗಡೆ ಎಂದೆ. “ಸೊಂಟದಲ್ಲಿ ಭಾರ ಗೊತ್ತಾಗುತ್ತಿದೆಯೇ?” ಎಂದರು. ಇಲ್ಲ ಎಂದೆ. “ನಿಮ್ಮ ಅಭ್ಯಂತರ ಇಲ್ಲದಿದ್ದರೆ ಪಟ್ಟಿಗಳನ್ನು ಸ್ವಲ್ಪ ನೋಡಲೇ? ಚೀಲ ಒಳ್ಳೆಯದೋ ಕೆಟ್ಟದ್ದೋ ಆಮೇಲೆ ನೋಡೋಣ” ಎಂದರು. ನಾನು ತಲೆಯಾಡಿಸಿದ ಮೇಲೆಯೇ ಅವರು ಚೀಲಕ್ಕೆ ಕೈ ಹಾಕಿದ್ದು.

ತಪ್ಪು ಸಿಗಲು ಎರಡು ನಿಮಿಷವೂ ಬೇಕಾಗಲಿಲ್ಲ. ನೊಗ ಅತ್ಯಂತ ಕೆಳಗಿನ ಗುರುತಿನಲ್ಲಿ, ಅಂದರೆ 42 ಸೆಂಟಿಮೀಟರ್‌ನಲ್ಲಿ, ಅಂಗಡಿಯಿಂದ ಬಂದ ಹಾಗೆಯೇ ಅಂಟಿಕೊಂಡಿತ್ತು. ನನ್ನ ಬೆನ್ನಿಗೆ ಅದು ನಾಲ್ಕು ಸೆಂಟಿಮೀಟರ್ ಗಿಡ್ಡ. ಹೆಗಲಪಟ್ಟಿ ಬಿಗಿದ ಕೂಡಲೇ ಇಡೀ ಚೀಲ ಮೇಲಕ್ಕೆ ಎಳೆದುಕೊಂಡು, ಸೊಂಟಪಟ್ಟಿ ಸೊಂಟದ ಮೂಳೆಯನ್ನು ಬಿಟ್ಟು ಹೊಟ್ಟೆಯ ಮೆತ್ತನೆಯ ಭಾಗಕ್ಕೆ ಏರುತ್ತಿತ್ತು. ಅಲ್ಲಿ ಅದನ್ನು ತಾಳುವ ಮೂಳೆಯಿಲ್ಲ, ಎಷ್ಟು ಬಿಗಿದರೂ ಉಸಿರು ಕಟ್ಟುವುದೇ ಹೊರತು ಭಾರ ಇಳಿಯುವುದಿಲ್ಲ. 13 ಕಿಲೋವನ್ನೂ ಹೆಗಲೇ ಹೊರುತ್ತಿತ್ತು. ಅವರು ಚೀಲ ಖಾಲಿ ಮಾಡಿಸಿದರು. ವೆಲ್ಕ್ರೋ ತುಂಬ ಗಟ್ಟಿಯಾಗಿ ಹಿಡಿದಿದ್ದರಿಂದ ಅದರ ನಡುವೆ ಊಟದ ತಟ್ಟೆಯ ಅಂಚನ್ನು ತೂರಿಸಿ ಬಿಡಿಸಿ, ನೊಗವನ್ನು ಮೇಲಕ್ಕೆ ಸರಿಸಿ ಅಂಟಿಸಿದರು. ಮತ್ತೆ ತುಂಬಿ ಹೊತ್ತಾಗ ಆದ ವ್ಯತ್ಯಾಸವನ್ನು ಹೀಗೆ ಹೇಳಬಹುದು: ಹೆಗಲಪಟ್ಟಿಯ ಕೆಳಗೆ ಬೆರಳು ಆಡುತ್ತಿತ್ತು, ಮತ್ತು ನಡೆಯುವಾಗ ಪ್ರತಿ ಹೆಜ್ಜೆಯ ಭಾರ ಸೊಂಟದ ಎರಡು ಬದಿಗಳಲ್ಲಿ ತಿಳಿಯುತ್ತಿತ್ತು.

ಆ ದಿನ ಕಲಿತ ಕ್ರಮವನ್ನು ಈಗಲೂ ಬಿಟ್ಟಿಲ್ಲ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಬೇಕು, ಏಕೆಂದರೆ ನಿನ್ನೆಯ ಬಿಗಿತದ ಮೇಲೆ ಇಂದಿನ ಹೊರೆ ಸರಿಯಾಗಿ ಕೂರುವುದಿಲ್ಲ. ಚೀಲ ಬೆನ್ನಿಗೇರಿದ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಸೊಂಟಪಟ್ಟಿಯ ಮೆತ್ತೆಯ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಬರುವಂತೆ ಇಟ್ಟು ಬಕಲ್ ಹಾಕಿ ಎಳೆಯಬೇಕು. ಇದು ಮುಗಿಯುವವರೆಗೆ ಹೆಗಲಪಟ್ಟಿಯನ್ನು ಮುಟ್ಟಬಾರದು. ಅನಂತರ ಹೆಗಲಪಟ್ಟಿಗಳನ್ನು ಕೆಳಕ್ಕೂ ಹಿಂದಕ್ಕೂ ಎಳೆದು, ಅವು ಹೆಗಲಿಗೆ ಅಂಟಿ ಕೂರುವಷ್ಟು ಮಾತ್ರ ಬಿಗಿಯಬೇಕು. ಹೆಗಲಿನ ಮೇಲಿನಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿಗಳನ್ನು, ಲೋಡ್ ಲಿಫ್ಟರ್ ಎನ್ನುತ್ತಾರಲ್ಲ ಅವುಗಳನ್ನು, ಸುಮಾರು 45 ಡಿಗ್ರಿ ಕೋನದಲ್ಲಿ ನಿಲ್ಲುವಂತೆ ಎಳೆದರೆ ಚೀಲದ ಮೇಲ್ಭಾಗ ಹಿಂದಕ್ಕೆ ಜಗ್ಗುವುದು ನಿಲ್ಲುತ್ತದೆ. ಕೊನೆಗೆ ಎದೆಪಟ್ಟಿ. ಅದರ ಕೆಲಸ ಹೆಗಲಪಟ್ಟಿಗಳು ಹೊರಕ್ಕೆ ಜಾರದಂತೆ ತಡೆಯುವುದು ಮಾತ್ರ. ಎದೆಯನ್ನು ಕಟ್ಟಿಹಾಕುವಷ್ಟು ಎಳೆದರೆ ಏರಿನಲ್ಲಿ ಉಸಿರಿಗೆ ಅಡ್ಡಿಯಾಗುತ್ತದೆ. ಇದೆಲ್ಲ ಆದ ಮೇಲೆ ಹೆಗಲಪಟ್ಟಿಯನ್ನು ಒಂದು ಬೆರಳಷ್ಟು ಸಡಿಲಿಸುವುದು ನನ್ನ ರೂಢಿ. ಇಳಿಜಾರಿನಲ್ಲಿ ಲೋಡ್ ಲಿಫ್ಟರ್ ಬಿಗಿ ಮಾಡುತ್ತೇನೆ, ಏರಿನಲ್ಲಿ ತುಸು ಬಿಡುತ್ತೇನೆ. ಇನ್ನೊಬ್ಬರಿಗೆ ಇದು ತಿರುಗುಮುರುಗಾಗಿ ಹಿತವೆನಿಸಬಹುದು.

ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ಈ ಉಪಾಯ ನಮಗೆ ಈಗ ಸಹಜವೆನಿಸಿದರೂ ಅಷ್ಟೇನೂ ಹಳೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಕ್ ಕೆಲ್ಟಿ ಎಂಬವರು 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾಡಿ ಮಾರಲು ಆರಂಭಿಸಿದರು. ಅವರು ಚೌಕಟ್ಟುಗಳನ್ನು ಬೆಸೆದರೆ ಪತ್ನಿ ನೀನಾ ಚೀಲಗಳನ್ನು ಹೊಲಿಯುತ್ತಿದ್ದರು. ಬೆಟ್ಟದಲ್ಲಿ ನಡೆಯುವಾಗ ಮರದ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿಕೊಂಡಾಗ ಹೆಗಲು ಹಗುರಾದದ್ದರಿಂದ ಸೊಂಟಪಟ್ಟಿಯ ಯೋಚನೆ ಹೊಳೆಯಿತೆಂದು ಕಥೆಯಿದೆ. ಆಗಿನ ಚೌಕಟ್ಟು ಚೀಲದ ಹೊರಗಿತ್ತು. 1967ರಲ್ಲಿ ಅಮೆರಿಕದ ಪರ್ವತಾರೋಹಿ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಕ್ಕೆ ತಂದರು. ಬಂಡೆ ಏರುವವರಿಗೆ ಹೊರಚೌಕಟ್ಟು ಅಲ್ಲಿ ಇಲ್ಲಿ ತಗುಲುತ್ತಿತ್ತು, ಜೊತೆಗೆ ಮೈ ತಿರುಗಿದ ಕಡೆ ತಿರುಗದೆ ತೂಗಾಡುತ್ತಿತ್ತು. ನನ್ನ ಬೆನ್ನ ಮೇಲಿರುವುದು ಈ ಎರಡನೆಯ ವಂಶದ ಚೀಲ. ಹೊರಚೌಕಟ್ಟಿನ ಚೀಲ ಬೆನ್ನಿಗೆ ಗಾಳಿಯಾಡಲು ಜಾಗ ಬಿಡುತ್ತದೆ, ಒಳಚೌಕಟ್ಟಿನದು ಬೆನ್ನಿಗೆ ಅಂಟಿ ಕೂರುತ್ತದೆ. ಇದರಿಂದ ನಡಿಗೆ ಸ್ಥಿರವಾಗುತ್ತದೆ, ಅಂಗಿ ಮಾತ್ರ ಮಧ್ಯಾಹ್ನದ ಹೊತ್ತಿಗೆ ಹಿಂಡುವಷ್ಟು ಒದ್ದೆಯಾಗುತ್ತದೆ. ಬೆನ್ನಿನ ಫಲಕದ ಜಾಲರಿಯಿಂದ ಗಾಳಿ ಹಾಯುತ್ತದೆ ಎಂದು ಚೀಲದ ಜೊತೆ ಬಂದ ಚೀಟಿಯಲ್ಲಿ ಬರೆದಿತ್ತು. ನನ್ನ ಬೆನ್ನಿಗೆ ಅದರ ಅನುಭವವಾಗಿಲ್ಲ.

ಇನ್ನು ಬಿಡಿಭಾಗಗಳ ವಿಷಯ. ತಳದ ಜಿಪ್ ಬಿಚ್ಚಿ ಸ್ಲೀಪಿಂಗ್ ಬ್ಯಾಗ್ ನೇರವಾಗಿ ತೆಗೆಯಬಹುದು, ಸಂಜೆ ದಣಿದು ಕೂತಾಗ ಇದು ದೊಡ್ಡ ಅನುಕೂಲ. ಎದೆಪಟ್ಟಿಯ ಬಕಲ್‌ನಲ್ಲಿರುವ ಸೀಟಿ ಚಿಕ್ಕದು, ಅದರ ಸದ್ದೂ ಚಿಕ್ಕದು. ತುರ್ತಿಗೆ ಅದನ್ನು ನಂಬದೆ ಬೇರೆ ಸೀಟಿ ಇಟ್ಟುಕೊಂಡಿದ್ದೇನೆ. ಸೊಂಟಪಟ್ಟಿಯ ಜೇಬುಗಳು ಸಾಕಷ್ಟು ದೊಡ್ಡವು. ಪಕ್ಕದ ಜಾಲರಿ ಜೇಬುಗಳ ಬಗ್ಗೆ ಮಾತ್ರ ನನಗೆ ನಿಜವಾದ ಅಸಮಾಧಾನವಿದೆ. ಚೀಲ ಖಾಲಿಯಿರುವಾಗ ಒಂದು ಲೀಟರ್ ಬಾಟಲಿ ಅವುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಚೀಲ ತುಂಬಿದಾಗ ಒಳಗಿನ ಸಾಮಾನು ಜೇಬನ್ನು ಹೊರಕ್ಕೆ ಒತ್ತುವುದರಿಂದ ಬಾಟಲಿ ಅರ್ಧವೇ ಇಳಿದು, ಬಗ್ಗಿದಾಗಲೆಲ್ಲ ಉರುಳಿ ಬೀಳುತ್ತದೆ. ಬೆನ್ನಿನಲ್ಲಿ ಹೊತ್ತುಕೊಂಡೇ ಅದನ್ನು ತೆಗೆದು ಕುಡಿದು ಮತ್ತೆ ಇಡಬಲ್ಲ ತೋಳು ನನಗಂತೂ ಇಲ್ಲ. ನೀರು ಕುಡಿಯಲು ಪ್ರತಿ ಸಲ ಚೀಲ ಇಳಿಸಬೇಕಾದರೆ ಮನುಷ್ಯ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾನೆ, ಹಾಗಾಗಿ ಇದನ್ನು ಸಣ್ಣ ದೋಷವೆಂದು ತಳ್ಳಿಹಾಕಲಾರೆ. ಒಳಗಿಡುವ ನೀರಿನ ಚೀಲಕ್ಕೆ ಕೊಳವೆ ಜೋಡಿಸಿಕೊಂಡು ಈ ತೊಂದರೆಯಿಂದ ಪಾರಾಗಿದ್ದೇನೆ.

ಚೀಲದ ಜೊತೆ ಬಂದ ರೇನ್ ಕವರ್ ಜೋರು ಗಾಳಿಯಲ್ಲಿ ಎರಡು ಸಲ ಹಾರಿಹೋಗಿ, ಎರಡನೆಯ ಸಲ ಸಿಗಲಿಲ್ಲ. ಸಿಕ್ಕಿದ್ದರೂ ನಾನು ಅದನ್ನೇ ನಂಬುತ್ತಿರಲಿಲ್ಲ. ಯಾವ ಕವರ್ ಆದರೂ ಚೀಲದ ಹೊರಮೈಯನ್ನು ಮಾತ್ರ ಮುಚ್ಚುತ್ತದೆ, ಬೆನ್ನಿಗೂ ಚೀಲಕ್ಕೂ ನಡುವೆ ಇಳಿಯುವ ನೀರನ್ನು ತಡೆಯುವುದಿಲ್ಲ. ಆ ನೀರು ಬೆನ್ನಿನ ಫಲಕವನ್ನು ನೆನೆಸಿ ನಿಧಾನವಾಗಿ ಒಳಗೆ ಇಳಿಯುತ್ತದೆ. ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಒಳಗೇ ಹಾಸಿ, ಒದ್ದೆಯಾಗಬಾರದ ಬಟ್ಟೆಯನ್ನೂ ಸ್ಲೀಪಿಂಗ್ ಬ್ಯಾಗನ್ನೂ ಅದರೊಳಗೆ ಇಟ್ಟು ಬಾಯಿ ತಿರುಚಿ ಮಡಚುವುದು ಇದಕ್ಕಿಂತ ಭದ್ರ. ಮಳೆಯಲ್ಲಿ ನೆನೆದ ಚೀಲವನ್ನು ಹಾಗೆಯೇ ಸುತ್ತಿ ಎತ್ತಿಡಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೈಲಾನಿನ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪನ ತೇವದಲ್ಲಿ ಕಾಲಕ್ರಮೇಣ ಒಡೆದು, ಜಿಗುಟಾಗಿ, ಹೊಪ್ಪಳಿಕೆಯಂತೆ ಏಳುತ್ತದೆ. ನನ್ನ ಹಿಂದಿನ ಚೀಲ ಹಾಗೆಯೇ ಹಾಳಾಯಿತು, ಹಳೆಯ ಕಾಲುಚೀಲದಂಥ ಅದರ ವಾಸನೆಯನ್ನು ಇನ್ನೂ ಮರೆತಿಲ್ಲ.

ಹತ್ತನೆಯ ತಿಂಗಳಲ್ಲಿ ಎಡ ಹೆಗಲಪಟ್ಟಿ ನೊಗಕ್ಕೆ ಕೂಡುವಲ್ಲಿ ಹೊಲಿಗೆ ಬಿಟ್ಟಿತು. ಮೂರು ಸಾಲು ಹೊಲಿಗೆಯಲ್ಲಿ ಒಂದು ಸಾಲು ಪೂರ್ತಿ ಹೋಗಿ, ಎರಡನೆಯದರ ಎಳೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಕಂಪನಿಗೆ ಬರೆದೆ. ಚಿತ್ರ ಕೇಳಿದರು, ಕಳಿಸಿದೆ, ಮೂರು ವಾರ ಸದ್ದಿಲ್ಲ. ಕೊನೆಗೆ, ಇದು ಬಳಕೆಯಿಂದಾದ ಸವೆತ, ತಯಾರಿಕೆಯ ದೋಷವಲ್ಲ ಎಂಬ ಉತ್ತರ ಬಂತು. ಸಿಟ್ಟು ಬಂದದ್ದು ನಿಜ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ತುಂಬಿದ ಚೀಲವನ್ನು ನೆಲದಿಂದ ಎತ್ತುವಾಗ ನಾನು ಯಾವಾಗಲೂ ಎಡ ಹೆಗಲಪಟ್ಟಿಯೊಂದನ್ನೇ ಹಿಡಿದು ಝಾಡಿಸಿ ಎತ್ತುತ್ತಿದ್ದೆ. ಎತ್ತಲೆಂದೇ ನೊಗದ ಮೇಲೆ ಗಟ್ಟಿಯಾದ ಕುಣಿಕೆಯೊಂದಿದೆ. ಅದನ್ನು ಹಿಡಿದು ಮೊದಲು ತೊಡೆಯ ಮೇಲೆ ಚೀಲ ನಿಲ್ಲಿಸಿ, ಒಂದು ತೋಳು ತೂರಿಸಿ, ಮೈಯನ್ನು ಅದರ ಕೆಳಗೆ ತಿರುಗಿಸಿ ಇನ್ನೊಂದು ತೋಳು ತೂರಿಸಬೇಕು. ಹತ್ತು ತಿಂಗಳಿಗೆ ಹೊಲಿಗೆ ಬಿಡಬಾರದಿತ್ತು ಎಂಬುದು ನನ್ನ ದೂರು, ಬಿಡುವಂತೆ ಎಳೆದವನು ನಾನು ಎಂಬುದೂ ಅಷ್ಟೇ ನಿಜ. ದಬ್ಬಣ ಮತ್ತು ಮೇಣ ಸವರಿದ ನೈಲಾನ್ ದಾರ ತೆಗೆದುಕೊಂಡು ನಾನೇ ಹೊಲಿದೆ. ಹೊಲಿಗೆ ಸೊಟ್ಟವಾಗಿದೆ, ನಾಲ್ಕು ತಿಂಗಳಿಂದ ಅಲುಗಾಡಿಲ್ಲ.

ಸಾಮಾನು ತುಂಬುವ ವಿಧಾನ ಚೀಲದ ವಿಮರ್ಶೆಗೆ ಹೊರತಾದದ್ದೆಂದು ಯಾರಾದರೂ ಹೇಳಬಹುದು. ಆದರೆ ಕೆಟ್ಟದಾಗಿ ತುಂಬಿದ ಒಳ್ಳೆಯ ಚೀಲ ಕೆಟ್ಟ ಚೀಲದಂತೆಯೇ ವರ್ತಿಸುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಳದಲ್ಲಿ ಸ್ಲೀಪಿಂಗ್ ಬ್ಯಾಗ್‌ನಂಥ ಹಗುರವಾದ ಮೆತ್ತನೆಯ ವಸ್ತು. ಅದರ ಮೇಲೆ, ಹೆಗಲ ಎಲುಬುಗಳ ಮಟ್ಟದಲ್ಲಿ, ಬೆನ್ನುಮೂಳೆಗೆ ಆದಷ್ಟು ಹತ್ತಿರ ನೀರು, ಆಹಾರ, ಸ್ಟೌವ್, ಟೆಂಟ್. ಅವುಗಳ ಹೊರಬದಿಗೆ ಬಟ್ಟೆಬರೆ. ಟೆಂಟನ್ನು ಅನುಕೂಲವೆಂದು ಹೊರಗಡೆ ಕಟ್ಟಿಕೊಂಡು ಒಂದು ದಿನ ನಡೆದಿದ್ದೆ. 2 ಕಿಲೋ ತೂಕ ಬೆನ್ನಿನಿಂದ ಒಂದು ಗೇಣು ಹಿಂದೆ ಸರಿದದ್ದಕ್ಕೆ, ಇಡೀ ದಿನ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗಿತ್ತು. ಬಂಡೆ ಹತ್ತಿ ಇಳಿಯುವ ದಾರಿಯಾದರೆ ಭಾರವನ್ನು ಸ್ವಲ್ಪ ಕೆಳಗಿಡುವುದು ಒಳ್ಳೆಯದು, ಸಮತೋಲ ತಪ್ಪುವುದು ಕಡಿಮೆಯಾಗುತ್ತದೆ.

ಹೊರೆ ಎಷ್ಟಿರಬೇಕೆಂಬುದಕ್ಕೆ ಚಾರಣಿಗರಲ್ಲಿ ರೂಢಿಯಲ್ಲಿರುವ ಅಂದಾಜು ದೇಹದ ತೂಕದ ಐದನೆಯ ಒಂದು ಭಾಗ. ನನ್ನ ಮಟ್ಟಿಗೆ ಅದು 13.6 ಕಿಲೋ. ಆ ಮಿತಿಗೆ ಅಂಟಿಕೊಂಡೇ ನಡೆಯುತ್ತಿದ್ದವನು ಒಂದು ಸಂಜೆ ಪ್ರತಿಯೊಂದು ಸಾಮಾನನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದೆ. ಒಂದೇ ಒಂದು ದೊಡ್ಡ ಅಪರಾಧಿ ಸಿಗಲಿಲ್ಲ. 200 ಗ್ರಾಂ, 150 ಗ್ರಾಂ ಎಂಬಂಥ ಸಣ್ಣಪುಟ್ಟವೇ ಸೇರಿ ಎರಡು ಕಿಲೋಗೂ ಹೆಚ್ಚಾಗಿದ್ದವು: ಒಮ್ಮೆಯೂ ತೊಡದ ಎರಡನೆಯ ಪ್ಯಾಂಟು, ಮೂರು ಚಾರಣಗಳಲ್ಲಿ ಹದಿನೇಳು ಪುಟ ಓದಿದ ದಪ್ಪ ಪುಸ್ತಕ, ಎರಡು ಟಾರ್ಚು. ನೀರಿನದು ಬೇರೆ ಲೆಕ್ಕ. ಒಂದು ಲೀಟರ್ ಎಂದರೆ ಒಂದು ಕಿಲೋ, ದಾರಿಯಲ್ಲಿ ಖಚಿತವಾಗಿ ನೀರು ಸಿಗುವ ಕಡೆ ಮೂರು ಲೀಟರ್ ಹೊರುವ ಅಗತ್ಯವಿಲ್ಲ, ಸಿಗದ ಕಡೆ ತೂಕಕ್ಕೆ ಹೆದರಿ ಕಡಿಮೆ ಒಯ್ಯುವುದು ಅಪಾಯ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಳೆಯ ಅಂಗಿ, ಬೆಚ್ಚನೆಯ ಒಂದು ಬಟ್ಟೆ ಇವುಗಳಿಗೆ ಕತ್ತರಿ ಹಾಕಲಿಲ್ಲ. ಈಗ ಎರಡು ದಿನದ ಹೊರೆ 10.8 ಕಿಲೋಗೆ ಬಂದು ನಿಂತಿದೆ. ಇದರಲ್ಲಿ ಚೀಲದ ಸ್ವಂತ ತೂಕವೇ 1.9 ಕಿಲೋ ಎಂಬುದು ಕಣ್ಣಿಗೆ ಕುಟುಕುತ್ತದೆ. ಅತಿ ಹಗುರದ ಚೀಲಗಳು ಇದರ ಅರ್ಧದಷ್ಟೂ ತೂಗುವುದಿಲ್ಲ. ಅವುಗಳಲ್ಲಿ ಅನೇಕಕ್ಕೆ ಗಟ್ಟಿ ಚೌಕಟ್ಟು ಇರುವುದಿಲ್ಲವಾದ್ದರಿಂದ, ಹೊರೆಯೇ ಹಗುರವಾಗಿರುವವರಿಗೆ ಮಾತ್ರ ಅವು ಸುಖ ಕೊಡುತ್ತವೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಸೊಂಟಪಟ್ಟಿಯ ಗುಣ ಕಂಡುಕೊಂಡ ಹುಮ್ಮಸ್ಸಿನಲ್ಲಿ ನಾನು ಅದನ್ನು ಅತಿಯಾಗಿ ಬಿಗಿಯತೊಡಗಿದೆ. ಎಂಟು ದಿನಗಳ ಚಾರಣದ ಮೂರನೆಯ ದಿನ ಬಲತೊಡೆಯ ಹೊರಬದಿಯಲ್ಲಿ ಅಂಗೈಯಗಲದ ಜಾಗ ಜುಮ್ಮೆಂದು, ಮುಟ್ಟಿದರೆ ಬೇರೆ ಯಾರದೋ ಚರ್ಮ ಮುಟ್ಟಿದಂತೆ ಮರಗಟ್ಟಿತು. “ಇನ್ನಷ್ಟು ಬಿಗಿ ಮಾಡಿ, ಸರಿಹೋಗುತ್ತದೆ” ಎಂದು ಜೊತೆಗಾರರೊಬ್ಬರು ಹೇಳಿದರು. ಹಾಗೆ ಮಾಡದೆ ಸಡಿಲಿಸಿದ್ದು ನನ್ನ ಅದೃಷ್ಟ. ಸೊಂಟದ ಮುಂದಿನ ಮೂಳೆಯ ಬಳಿ ಹಾದು ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರವೊಂದಿದೆ, ಬಿಗಿಯಾದ ಪಟ್ಟಿ ಅದನ್ನು ಒತ್ತಿದರೆ ಹೀಗಾಗುತ್ತದೆ. ಹಾಗೆಯೇ ಭಾರವೆಲ್ಲ ಹೆಗಲಿಗೆ ಬಿದ್ದು ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಒತ್ತಿಕೊಂಡರೆ ತೋಳು ಸೋಲುವುದೂ ಉಂಟು. ಸೈನಿಕರಲ್ಲಿ ಇದನ್ನು ಹೆಚ್ಚಾಗಿ ಕಂಡಿರುವ ವೈದ್ಯರು ಇದಕ್ಕೆ ಬೆನ್ನುಚೀಲದ ಹೆಸರನ್ನೇ ಇಟ್ಟು ರಕ್‌ಸ್ಯಾಕ್ ಪಾಲ್ಸಿ ಎನ್ನುತ್ತಾರೆ. ಮರಗಟ್ಟುವಿಕೆ ಅಥವಾ ಕೈಯ ಬಲಹೀನತೆ ಚೀಲ ಇಳಿಸಿದ ಮೇಲೂ ಉಳಿದರೆ ವೈದ್ಯರಿಗೆ ತೋರಿಸಬೇಕು. ನಮ್ಮಂಥ ಚಾರಣಿಗರ ಸಲಹೆ ಅಲ್ಲಿಗೆ ನಿಲ್ಲಬೇಕು.

ಈಗ ಆರಂಭದಲ್ಲಿ ಹೇಳಿದ ಪ್ರಸಂಗಕ್ಕೆ ಬರುತ್ತೇನೆ. ನೊಗ ಸರಿಪಡಿಸಿಕೊಂಡು ಸುಖವಾಗಿ ನಡೆಯತೊಡಗಿದ ಹೊಸತರಲ್ಲಿ ಈ ಚೀಲದ ಬಗ್ಗೆ ನನಗೆ ಭಕ್ತಿಯೇ ಹುಟ್ಟಿತ್ತು. ಮೊದಲ ಚೀಲ ಕೊಳ್ಳುವವರೊಬ್ಬರು ಕೇಳಿದಾಗ, ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ ಎಂದು ಎಲ್ಲರೂ ಓದುವ ಕಡೆ ಬರೆದೆ. ಅವರು ಕೊಂಡರು. ಮೊದಲ ಚಾರಣದ ನಂತರ ಅವರು ಬರೆದದ್ದು ಎರಡೇ ಸಾಲು: ಸೊಂಟಪಟ್ಟಿ ತೊಡೆಗೆ ಜಾರುತ್ತಿದೆ, ಹೆಗಲಪಟ್ಟಿ ಹೆಗಲಿನ ಹಿಂದೆ ಗಾಳಿಯಲ್ಲಿ ನಿಂತಿದೆ, ತಾನು ಏನು ತಪ್ಪು ಮಾಡುತ್ತಿರಬಹುದು ಎಂದು. ಅವರ ತಪ್ಪು ಏನೂ ಇರಲಿಲ್ಲ. ಅಳತೆ ಕೇಳಿದಾಗ ಬೆನ್ನಿನ ಉದ್ದ 39 ಸೆಂಟಿಮೀಟರ್ ಎಂದು ತಿಳಿಯಿತು. ಈ ಚೀಲದ ಅತಿ ಚಿಕ್ಕ ಹೊಂದಾಣಿಕೆಯೇ 42. ನನ್ನ ಹೆಗಲು ನೋಯುತ್ತಿದ್ದಾಗ ನನ್ನನ್ನು ಏನೂ ಕೇಳದೆ ಅಪ್ಪಣೆ ಕೊಟ್ಟವರ ಮೇಲೆ ನನಗಿದ್ದ ಮುನಿಸು ಆ ಹೊತ್ತಿಗೆ ಇಳಿದುಹೋಯಿತು, ಏಕೆಂದರೆ ನಾನು ಮಾಡಿದ್ದೂ ಅದನ್ನೇ. ಕ್ಷಮೆ ಕೇಳಿದೆ. ಮೊದಲು ಬರೆದ ಮಾತನ್ನು ಅಳಿಸಿಹಾಕದೆ, ಅದರ ಕೆಳಗೇ ತಪ್ಪೇನಿತ್ತೆಂದು ಬರೆದೆ, ಏಕೆಂದರೆ ಅದನ್ನು ಓದಿ ಇನ್ನೆಷ್ಟು ಜನ ನಂಬಿದ್ದರೋ ಗೊತ್ತಿಲ್ಲ.

ಅಂದಿನಿಂದ ಯಾರಾದರೂ ಚೀಲದ ಬಗ್ಗೆ ಕೇಳಿದರೆ ಆ ಹಿರಿಯರು ನನ್ನನ್ನು ಕೇಳಿದಂತೆಯೇ ಕೇಳಲು ಪ್ರಯತ್ನಿಸುತ್ತೇನೆ: ಎಲ್ಲಿ ನೋವು, ಎಷ್ಟು ಹೊತ್ತಿನ ಮೇಲೆ, ಎಷ್ಟು ತೂಕ, ಬೆನ್ನಿನ ಉದ್ದವೆಷ್ಟು. ಉತ್ತರ ಬಂದ ಮೇಲೂ “ನನಗೆ ಇದು ಸರಿಹೋಯಿತು” ಎಂಬಲ್ಲಿಗೆ ನಿಲ್ಲುತ್ತೇನೆ. ಕೇಳದ ವಿಷಯಕ್ಕೆ, ಅಂದರೆ ಅವರ ಮೈಕಟ್ಟು, ವಯಸ್ಸು, ನಡೆಯುವ ವೇಗ, ಅವರು ಜೊತೆಗೆ ಒಯ್ಯುವ ಕುರ್ಚಿ ಅಥವಾ ಕ್ಯಾಮೆರಾ ಇವುಗಳಿಗೆ, ಬಾಯಿ ಹಾಕುವುದಿಲ್ಲ. ಎರಡು ಕಿಲೋದ ಕ್ಯಾಮೆರಾ ಹೊತ್ತು ಬರುವವರು ಬರುವುದೇ ಅದಕ್ಕಾಗಿ ಇದ್ದೀತು. ಸುರಕ್ಷತೆಯ ಮಾತು ಬೇರೆ. ನೀರು ಸಾಲದು, ಕತ್ತಲಾಗುತ್ತದೆ ಎಂಬಂಥದ್ದನ್ನು ಕೇಳದಿದ್ದರೂ ಹೇಳಬೇಕು, ಒಮ್ಮೆ, ನೇರವಾಗಿ, ಹಂಗಿಸದೆ. ಹೊತ್ತಿನ ವಿಷಯದಲ್ಲಂತೂ “ಎರಡೇ ಗಂಟೆಯ ದಾರಿ” ಎನ್ನುವ ಉದಾರ ಸಲಹೆಗಾರರಿಂದ ಎಷ್ಟು ಜನ ಕತ್ತಲಲ್ಲಿ ಇಳಿದಿದ್ದಾರೋ! ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದೂರ, 4000 ಅಡಿ ಏರು ಎಂದರೆ ನಾಲ್ಕು ಗಂಟೆ, ಅದೂ ಎಲ್ಲೂ ಕೂರದೆ ನಡೆದರೆ. 12 ಕಿಲೋ ಹೊತ್ತ ನನಗೆ ಅಂಥ ದಾರಿ ಐದೂವರೆ ಗಂಟೆ ಹಿಡಿಯುತ್ತದೆ. ಹಾಗಾಗಿ ಯಾರಿಗಾದರೂ ದಾರಿ ಹೇಳುವಾಗ ಗಂಟೆಯ ಬದಲು ದೂರ ಮತ್ತು ಏರನ್ನು ಹೇಳಿ, ನನ್ನ ಹೊರೆಯನ್ನೂ ಸೇರಿಸುತ್ತೇನೆ.

ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು. ಬೆನ್ನಿನ ಉದ್ದವನ್ನು ಇನ್ನೊಬ್ಬರಿಂದ ಅಳೆಯಿಸಿಕೊಳ್ಳಬೇಕು, ಒಬ್ಬರೇ ಅಳೆದುಕೊಂಡರೆ ಟೇಪು ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಖಾಲಿ ಚೀಲವನ್ನು ಹಾಕಿಕೊಂಡು ಕನ್ನಡಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಹತ್ತು ಕಿಲೋ ತುಂಬಿಸಿ, ಇಪ್ಪತ್ತು ನಿಮಿಷ ಅಲ್ಲೇ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿದು ನೋಡಬೇಕು. ಸೊಂಟಪಟ್ಟಿಯನ್ನು ಸರಿಯಾಗಿ ಬಿಗಿದ ಮೇಲೂ ಇನ್ನೂ ಎಳೆಯಲು ಜಾಗ ಉಳಿದಿದೆಯೇ ಎಂದು ಗಮನಿಸಬೇಕು, ಉದ್ದನೆಯ ಚಾರಣದಲ್ಲಿ ಮೈ ಇಳಿದರೆ ಅದು ಬೇಕಾಗುತ್ತದೆ. ಬೆನ್ನು 44ರಿಂದ 50 ಸೆಂಟಿಮೀಟರ್ ಇದ್ದು, 10ರಿಂದ 14 ಕಿಲೋ ಹೊರುವವರಿಗೆ ನಾನು ಈ ರಚನೆಯ ಚೀಲವನ್ನು ಧೈರ್ಯವಾಗಿ ಸೂಚಿಸುತ್ತೇನೆ, ಪಕ್ಕದ ಜೇಬುಗಳನ್ನು ಮೊದಲು ತುಂಬಿ ಪರೀಕ್ಷಿಸಬೇಕೆಂಬ ಷರತ್ತಿನೊಂದಿಗೆ. ಎಂಟು ಕಿಲೋಗಿಂತ ಕಡಿಮೆ ಹೊರುವವರಿಗೆ ಇದು ಅನಗತ್ಯವಾಗಿ ಭಾರ. ಇದೇ ಚೀಲ 36ರಿಂದ 44 ಸೆಂಟಿಮೀಟರ್‌ನ ಚಿಕ್ಕ ಅಳತೆಯಲ್ಲೂ ಸಿಗುತ್ತದೆ. ನನ್ನ ಸಲಹೆಯಿಂದ ತೊಂದರೆಪಟ್ಟವರು ಕೊನೆಗೆ ಅದಕ್ಕೆ ಬದಲಾಯಿಸಿಕೊಂಡರು. ಅದನ್ನು ನಾನು ಹೊತ್ತು ನಡೆದಿಲ್ಲ, ಆದ್ದರಿಂದ ಅದು ಹೇಗಿದೆಯೆಂದು ಕೇಳುವವರನ್ನು ಈಗ ಅವರ ಬಳಿಗೇ ಕಳಿಸುತ್ತಿದ್ದೇನೆ.